ಮಗಳಿಗೊಂದು ಪತ್ರ: ಬೀಪ್ ಬಂದರೆ ಜೀವ ಇದೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ "ಅಮ್ಮಾ, ಹಳೇ ಕಂಪ್ಯೂಟರ್ ಸತ್ತೇ ಹೋಯ್ತು, ಇನ್ನು ಗುಜರಿಗೆ ಹಾಕೋದೇ" ಅಂದೆ. ನಾನು ಆಗ ಏನೂ ಹೇಳಲಿಲ್ಲ. ಮಲಗಿದ ಮೇಲೆ ನೆನಪಾಯಿತು. ನೀನು ಮಾತಾಡುತ್ತಲೇ ಇನ್ನೊಂದು ಸಲ ಬಟನ್ ಒತ್ತಿದ್ದೆ ಅಲ್ವಾ, ಆಗ ನಿನ್ನ ದನಿಯ ಹಿಂದೆ ಫ್ಯಾನ್ ತಿರುಗುವ ಸದ್ದು ಕೇಳಿಸಿತ್ತು. ಜೊತೆಗೆ ಬೀಪ್ ಕೂಡ. ಒಂದು ಬೀಪ್, ಸ್ವಲ್ಪ ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ಸ್ಕ್ರೀನ್ ಕಪ್ಪಗಿದೆ ಅನ್ನುವ ಚಿಂತೆಯಲ್ಲಿ ನೀನು ಅದನ್ನು ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ.

ಆ ಬೀಪ್ ನೆನೆದು ನನಗೆ ನಿಜವಾಗಿಯೂ ಸಮಾಧಾನ ಆಯಿತು. ಯಾಕೆ ಅಂತ ಹೇಳುತ್ತೇನೆ.

ಪವರ್ ಬಟನ್ ಒತ್ತಿದರೆ ಕರೆಂಟ್ ನೇರವಾಗಿ ಒಳಗೆ ನುಗ್ಗುವುದಿಲ್ಲ. ಬಟನ್ ಒಳಗಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೆ ಒಂದು ಸನ್ನೆ ಮಾಡುತ್ತದೆ, ಅಷ್ಟೇ. ಮದರ್‌ಬೋರ್ಡ್ ಒಂದು ಹಸಿರು ವೈರಿನ ಮೂಲಕ, ಎಲ್ಲಕ್ಕೂ ಕರೆಂಟ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್ ಅನ್ನು ಎಬ್ಬಿಸುತ್ತದೆ. ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್‌ಗಳನ್ನು ಸರಿಯಾಗಿ ಕೊಡಲು ಶುರು ಮಾಡಿದ ಮೇಲೆ "ನನ್ನ ಕಡೆ ಸರಿಯಿದೆ" ಅನ್ನುವ ಸಂಕೇತ ವಾಪಸ್ ಹೋಗುತ್ತದೆ. ಆಮೇಲೆ ಪ್ರೊಸೆಸರ್ ಎದ್ದು, ಕಂಪ್ಯೂಟರನ್ನು ಶುರು ಮಾಡಿಸುವ ಪುಟ್ಟ ಪ್ರೋಗ್ರಾಂ ಆದ ಬಯಾಸ್ ಇರುವ ಚಿಪ್‌ನಲ್ಲಿರುವ ಮೊದಲ ಸೂಚನೆ ಓದುತ್ತದೆ. ಬಯಾಸ್ ಒಂದೊಂದನ್ನೇ ತಡವಿ ನೋಡುತ್ತಾ ಹೋಗುತ್ತದೆ. ಮೊದಲು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ್‍ಯಾಮ್, ಆಮೇಲೆ ಡಿಸ್‌ಪ್ಲೇ, ಹಾರ್ಡ್ ಡಿಸ್ಕಿನ ಸರದಿ ಕೊನೆಯಲ್ಲಿ. ರ್‍ಯಾಮ್ ಹತ್ತಿರವೇ ತಡೆ ಬಂದರೆ ಸ್ಕ್ರೀನಿನ ಮೇಲೆ ಬರೆದು ಹೇಳಲು ಅದಕ್ಕೆ ದಾರಿಯೇ ಇಲ್ಲ. ಅದಕ್ಕೇ ಬೀಪ್ ಮಾಡುತ್ತದೆ.

ಬೀಪ್ ಬಂತು ಅಂದರೆ ಎಸ್‌ಎಂಪಿಎಸ್ ಎದ್ದಿದೆ, ಪ್ರೊಸೆಸರ್ ಕೆಲಸ ಮಾಡುತ್ತಿದೆ, ಬಯಾಸ್ ಚಿಪ್ ಸರಿಯಿದೆ. ದುಬಾರಿ ಭಾಗಗಳೆಲ್ಲ ಬದುಕಿವೆ ಕಣೇ. "ಆನ್ ಆಗ್ತಿಲ್ಲ" ಅಂತ ನೀನು ಒಂದೇ ಮಾತಿನಲ್ಲಿ ಹೇಳಿಬಿಟ್ಟೆ. ಎಲ್ಲಿಯವರೆಗೆ ಬಂದು ನಿಂತಿತು ಅಂತ ನೋಡಬೇಕು. ಉಳಿದದ್ದೆಲ್ಲ ಆಮೇಲೆ.

ಬೀಪ್‌ಗಳ ಅರ್ಥ ಒಂದೊಂದು ಕಂಪನಿಯ ಬಯಾಸ್‌ನಲ್ಲಿ ಒಂದೊಂದು ಥರ ಇರುತ್ತದೆ. ಒಂದು ಉದ್ದ, ಎರಡು ಚಿಕ್ಕದು ಬಂದರೆ ಅವಾರ್ಡ್ ಬಯಾಸ್‌ನಲ್ಲಿ ಅದು ಡಿಸ್‌ಪ್ಲೇ ಕಾರ್ಡಿನ ದೂರು. ನಿಲ್ಲದೆ ಒಂದೇ ಸಮನೆ ಬರುತ್ತಿದ್ದರೆ ಬಹಳಷ್ಟು ಬೋರ್ಡುಗಳಲ್ಲಿ ರ್‍ಯಾಮ್ ತೊಂದರೆ. ನನಗೆ ಕೇಳಿಸಿದ್ದು ಎರಡನೆಯದರ ಹಾಗಿತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡು.

ಪ್ಲಗ್ ಪೂರ್ತಿ ಕಿತ್ತುಹಾಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಕಿತ್ತ ಮೇಲೆ ಪವರ್ ಬಟನ್ ಒಂದು ಹತ್ತು ಸೆಕೆಂಡ್ ಒತ್ತಿ ಹಿಡಿ, ಒಳಗೆ ಉಳಿದ ಚಾರ್ಜ್ ಇಳಿಯಲಿ. ಪಕ್ಕದ ಬಾಗಿಲು ತೆಗೆದು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟು. ನಮ್ಮ ಮೈಯಲ್ಲಿರುವ ಸ್ಟ್ಯಾಟಿಕ್ ಅಲ್ಲಿಗೆ ಹೋಗಲಿ. ಆಮೇಲೆ ಪ್ರೊಸೆಸರ್ ಫ್ಯಾನಿನ ಪಕ್ಕದಲ್ಲಿ ಉದ್ದಕ್ಕೆ ನಿಂತಿರುವ ಎರಡು ಹಸಿರು ಪಟ್ಟಿ ಕಾಣುತ್ತವೆ. ಅವೇ ರ್‍ಯಾಮ್. ಎರಡೂ ತುದಿಯ ಕ್ಲಿಪ್‌ಗಳನ್ನು ಹೊರಗೆ ಒತ್ತಿದರೆ ಪಟ್ಟಿ ತಾನೇ ಮೇಲೆ ಏಳುತ್ತದೆ. ಅಂಚು ಹಿಡಿದು ತೆಗೆ.

ಕಿಟಕಿಯ ಬೆಳಕಿಗೆ ಹಿಡಿದು ನೋಡು. ಕೆಳಗಡೆ ಚಿನ್ನದ ಬಣ್ಣದ ಸಣ್ಣ ಹಲ್ಲುಗಳ ಸಾಲು ಇರುತ್ತದೆ. ನಮ್ಮದು ಡಿಡಿಆರ್3, ಒಟ್ಟು 240 ಹಲ್ಲು, ಒಂದು ಮಗ್ಗುಲಿಗೆ 120. ಹೊಸದಾಗಿದ್ದಾಗ ಅವು ಮಿರಮಿರ ಮಿಂಚುತ್ತವೆ. ವರ್ಷಗಳು ಕಳೆದ ಹಾಗೆ ಅವುಗಳ ಮೇಲೆ ಒಂದು ಮಂಕು ಪೊರೆ ಕೂರುತ್ತದೆ, ಹಳೇ ಒಡವೆಗೆ ಕೂತ ಹಾಗೆ. ಬರಿಗಣ್ಣಿಗೆ ಏನೂ ಅಲ್ಲ ಅನ್ನಿಸುವ ಪೊರೆ, ಆದರೆ ಒಂದು ಹಲ್ಲು ಸರಿಯಾಗಿ ತಾಗದಿದ್ದರೂ ಸಾಕು, ಬಯಾಸ್ ಮುಂದೆ ಹೋಗದೆ ನಿಲ್ಲಬಹುದು. ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್ ತಗೊಂಡು ಹಗುರವಾಗಿ ಉಜ್ಜು, ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ. ರಬ್ಬರಿನ ಪುಡಿ ಪಟ್ಟಿ ಕೂರುವ ಸ್ಲಾಟ್ ಒಳಗೆ ಬೀಳಬಾರದು, ಆದ್ದರಿಂದ ದೂರ ಕೂತು ಉಜ್ಜು. ಒಣ ಬಟ್ಟೆಯಲ್ಲಿ ಒರೆಸು. ಸ್ಲಾಟಿನ ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ತೆಗೆ. ಬಾಯಿಂದ ಊದಬೇಡ, ಉಸಿರಿನಲ್ಲಿ ತೇವ ಇರುತ್ತದೆ.

ವಾಪಸ್ ಹಾಕುವಾಗ ಎರಡನ್ನೂ ಒಟ್ಟಿಗೆ ಹಾಕಬೇಡ. ಮೊದಲು ಒಂದೂ ಹಾಕದೆ ಒಂದು ಸಲ ಆನ್ ಮಾಡಿ ಬೀಪ್ ಕೇಳು. ನಿನ್ನೆ ಬಂದ ಥರದ್ದೇ ಬೀಪ್ ಬಂದರೆ, ಬೋರ್ಡಿಗೆ ರ್‍ಯಾಮ್ ಇರುವುದೇ ಗೊತ್ತಾಗುತ್ತಿರಲಿಲ್ಲ ಅಂತ ಲೆಕ್ಕ. ಮತ್ತೆ ಪ್ಲಗ್ ಕಿತ್ತು ಒಂದು ಪಟ್ಟಿ ಹಾಕು. ಕಚ್ಚು ಇರುವ ಜಾಗ ನೋಡಿಕೋ, ತಿರುವು ತಪ್ಪಿದರೆ ಕೂರುವುದಿಲ್ಲ. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತು. ಕ್ಲಿಪ್ ಎರಡೂ ಕಡೆ "ಟಕ್" ಅನ್ನಬೇಕು. ನೀನು ಭಯಪಟ್ಟು ಅರ್ಧಕ್ಕೇ ಬಿಡುತ್ತೀಯ ಅಂತ ನನಗೆ ಗೊತ್ತು. ಸ್ವಲ್ಪ ಜಾಸ್ತಿಯೇ ಬಲ ಬೇಕು. ಆ ಪಟ್ಟಿ ಆ ಸ್ಲಾಟಿನಲ್ಲಿ, ಅದೇ ಪಟ್ಟಿ ಇನ್ನೊಂದು ಸ್ಲಾಟಿನಲ್ಲಿ, ಆಮೇಲೆ ಎರಡನೇ ಪಟ್ಟಿ, ಹೀಗೆ ಒಂದೊಂದಾಗಿ ಹಾಕಿ ಆನ್ ಮಾಡಿ ನೋಡು; ಬದಲಿಸುವ ಮೊದಲು ಪ್ಲಗ್ ಕೀಳು. ಪ್ರತಿ ಸಲ ಏನಾಯಿತು ಅಂತ ಒಂದು ಹಾಳೆಯಲ್ಲಿ ಬರೆದಿಡು. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅನ್ನುವುದು ಯಾವತ್ತೂ ಗೊತ್ತಾಗುವುದಿಲ್ಲ.

ಅಲ್ಲೇ ಇದ್ದಾಗ ಇನ್ನೊಂದು ನೋಡು. ಪ್ರೊಸೆಸರ್ ಸುತ್ತ ಸಣ್ಣ ಡಬ್ಬಿಗಳ ಹಾಗೆ ಕೆಪಾಸಿಟರ್‌ಗಳು ನಿಂತಿರುತ್ತವೆ. ಅವುಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ ಅಥವಾ ಕಂದು ಬಣ್ಣದ ಅಂಟು ಹೊರಗೆ ಬಂದಿದ್ದರೆ ಫೋಟೋ ತೆಗೆದು ಕಳಿಸು. ಬೇರೆ ಏನನ್ನಾದರೂ ತೆಗೆದು ನೋಡು, ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡ. ಪ್ಲಗ್ ಕಿತ್ತಮೇಲೂ ಅದರೊಳಗೆ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಈ ಮಾತಲ್ಲಿ ನಾನು ರಾಜಿ ಆಗುವುದಿಲ್ಲ.

ಸ್ಕ್ರೀನ್ ಬಂದರೆ ಕುಣಿದಾಡುವ ಮೊದಲು ಬಯಾಸ್ ಒಳಗೆ ಹೋಗಿ ತಾರೀಖು ನೋಡು. ಹೋದ ತಿಂಗಳು ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ, ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತಿದೆ ಅಂದಿದ್ದೆ. ಕಂಪ್ಯೂಟರಿನ ಗಡಿಯಾರ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿತ್ತು, ಅದಕ್ಕೇ ಹಾಗೆ. ಆಗಲೇ ನನಗೆ ಅನುಮಾನ ಬಂದಿತ್ತು. ಬೋರ್ಡಿನ ಮೇಲೆ ನಾಣ್ಯದ ಹಾಗಿರುವ ಒಂದು ಸೆಲ್ ಇದೆ. ಸಿಆರ್2032 ಅಂತ ಬರೆದಿರುತ್ತದೆ. ಹೆಸರಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹೊಸದು 3 ವೋಲ್ಟ್ ಕೊಡುತ್ತದೆ. ಅದು ಖಾಲಿಯಾದರೆ ತಾರೀಖಿನ ಜೊತೆ ಬಯಾಸ್ ಸೆಟ್ಟಿಂಗ್‌ಗಳೂ ಮರೆತುಹೋಗುತ್ತವೆ. ಡಿಸ್ಕ್ ನಡೆಸುವ ರೀತಿ ಎಎಚ್‌ಸಿಐ ಇದ್ದದ್ದು ಐಡಿಇ ಆಗಿಬಿಟ್ಟರೆ, ಡಿಸ್ಕ್ ಚೆನ್ನಾಗಿದ್ದರೂ ವಿಂಡೋಸ್ ಶುರುವಾಗುವಾಗ ನೀಲಿ ಸ್ಕ್ರೀನ್ ತೋರಿಸಿ ನಿಲ್ಲುತ್ತದೆ. ಎಷ್ಟು ಜನ ಇದೊಂದು ಕಾರಣಕ್ಕೆ ಒಳ್ಳೇ ಡಿಸ್ಕನ್ನು ಅಳಿಸಿಬಿಟ್ಟಿರುತ್ತಾರೋ. ಸೆಲ್ ತೆಗೆಯುವ ಮೊದಲು ಬಯಾಸ್‌ನ ಒಂದೊಂದು ಪುಟದ್ದೂ ಫೋಟೋ ತೆಗೆದಿಡು.

ಈಗ ಡಿಸ್ಕಿನ ವಿಷಯ. ನಿನಗೆ ಇದನ್ನು ನಾನು ಹೇಳಿರಲಿಲ್ಲ. ನೀನು ಮೂರು ವರ್ಷದವಳಿದ್ದಾಗ ನಮ್ಮ ಮೊದಲ ಕಂಪ್ಯೂಟರ್ ಹೀಗೇ ನಿಂತಿತ್ತು. ರಿಪೇರಿಗೆ ಕೊಟ್ಟೆ. ಮಾರನೇ ದಿನ ಚೆನ್ನಾಗಿ ಓಡುವ ಕಂಪ್ಯೂಟರ್ ವಾಪಸ್ ಬಂತು. ಒಳಗೆ ಏನೂ ಇರಲಿಲ್ಲ. ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದ್ದರು. ನೀನು ಮನೆಯ ವಸ್ತುಗಳಿಗೆಲ್ಲ ನಿನ್ನದೇ ಹೆಸರಿಟ್ಟು ಕರೆಯುತ್ತಿದ್ದ ದನಿ ಅದರಲ್ಲಿತ್ತು. ಕೊಡುವಾಗ "ಡಿಸ್ಕ್ ಮುಟ್ಟಬೇಡಿ" ಅನ್ನುವ ಒಂದು ಮಾತು ನಾನು ಹೇಳಬೇಕಿತ್ತು, ಹೇಳಲಿಲ್ಲ. ಆಮೇಲೆ ಕೂತು ಇದನ್ನೆಲ್ಲ ಕಲಿತೆ.

ಹಾಗಾಗಿ ಈ ಡಿಸ್ಕನ್ನು ಜೋಪಾನ ಮಾಡು. ನಿನ್ನ ಚಿತ್ರಗಳೆಲ್ಲ ಅದರಲ್ಲೇ ಇವೆ. ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ ಅಂತ ಬಂದರೆ ಮೊದಲು ಪ್ಲಗ್ ಕಿತ್ತು ಡಿಸ್ಕಿನ ಕೇಬಲ್ ತೆಗೆದು ಹಾಕು. ಹಾಗೂ ಆಗದಿದ್ದರೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸನ್ನು ಪೆನ್ ಡ್ರೈವಿನಿಂದ ಎಬ್ಬಿಸಿ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೋ. "ಫಾರ್ಮ್ಯಾಟ್" ಅಥವಾ "ಇನಿಶಿಯಲೈಸ್" ಅಂತ ಏನು ಕೇಳಿದರೂ ಬೇಡ ಅನ್ನು. ಡಿಸ್ಕಿನಿಂದ ಕಟಕ್ ಕಟಕ್ ಸದ್ದು ಬಂದರೆ ತಕ್ಷಣ ಆಫ್ ಮಾಡು, ಮತ್ತೆ ಆನ್ ಮಾಡಿ ನೋಡೋಣ ಅನ್ನುವ ಆಸೆ ಬೇಡ. ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಹಾಳಾಗಬಹುದು. ಮದರ್‌ಬೋರ್ಡೇ ಹೋಗಿದ್ದರೂ ಡಿಸ್ಕನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆದು ಅಡಾಪ್ಟರ್ ಹಾಕಿ ನಿನ್ನ ಲ್ಯಾಪ್‌ಟಾಪಿಗೆ ಜೋಡಿಸಬಹುದು. ಇದು 3.5 ಇಂಚಿನ ಡಿಸ್ಕ್, 12 ವೋಲ್ಟ್ ಬೇಕು. ಯುಎಸ್‌ಬಿ ಒಂದರಿಂದಲೇ ಓಡುವುದಿಲ್ಲ, ಬೇರೆ ಪವರ್ ಇರುವ ಅಡಾಪ್ಟರೇ ಆಗಬೇಕು.

ಶನಿವಾರ ಬೆಳಿಗ್ಗೆ ನಿನಗೆ ಬಿಡುವು ಅಲ್ವಾ? ರಬ್ಬರ್, ಬ್ರಷ್, ಹಾಳೆ, ಪೆನ್ನು ತೆಗೆದಿಟ್ಟುಕೊಂಡು ನನಗೆ ಫೋನ್ ಮಾಡು. ಬಟನ್ ಒತ್ತುವ ಮೊದಲು ಫೋನನ್ನು ಕ್ಯಾಬಿನೆಟ್ ಪಕ್ಕ ಇಟ್ಟು ಸುಮ್ನೆ ಇರು. ಎಷ್ಟು ಬೀಪ್ ಅಂತ ನೀನೂ ಎಣಿಸು, ನಾನೂ ಎಣಿಸುತ್ತೇನೆ.

ಪ್ರೀತಿಯಿಂದ,
ಅಮ್ಮ