ಮಲ್ಪೆ ರಸ್ತೆಯ ಅಣ್ಣನಿಗೆ ಥ್ಯಾಂಕ್ಸ್

ಅಣ್ಣಾ, ಹೆಸರು ಹಾಕಬೇಡ ಅಂದಿದ್ದೀರಿ, ಹಾಕುವುದಿಲ್ಲ. ಆದರೆ ನನ್ನ ಬೈಕಿಗೆ ಉದ್ದದ ಫ್ರಂಟ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಜೋಡಿ ಕಾಲು) ಕೂರಿಸಲು ಯಾರೂ ಒಪ್ಪದಿದ್ದಾಗ ಮಲ್ಪೆ ರಸ್ತೆಯ ನಿಮ್ಮ ಶೆಡ್ಡಿನಲ್ಲಿ ಜಾಗ ಕೊಟ್ಟವರು ನೀವು. ತುಂಬಾ ಧನ್ಯವಾದ.

ಎಲ್ಲಕ್ಕಿಂತ ಜಾಸ್ತಿ ಆ ಗಾಜಿನ ತುಂಡಿಗೆ. ಫೋರ್ಕಿನ ಎರಡೂ ಲೋಹದ ಟ್ಯೂಬುಗಳ ಮೇಲೆ ಅಡ್ಡಲಾಗಿ ದಪ್ಪ ಗಾಜು ಇಟ್ಟು ಮೂಲೆ ಒತ್ತಿದಿರಿ. ಟಕ್ ಟಕ್ ಎಂದು ಅಲುಗಾಡಿತು. ಅಂದರೆ ಫೋರ್ಕ್ ತಿರುಚಿಕೊಂಡಿದೆ. ಬೋಲ್ಟ್ ಸಡಿಲಿಸಿ, ಒಂಚೂರು ತಿರುಗಿಸಿ, ಗಾಜು ಸದ್ದಿಲ್ಲದೆ ಕೂರುವವರೆಗೆ ನೀವು ಬಿಡಲಿಲ್ಲ. ಆಮೇಲೆ ಚಕ್ರದ ಆಕ್ಸಲ್ ಬರೀ ಕೈಯಲ್ಲೇ ಜಾರಿ ಒಳಗೆ ಹೋಯಿತು. ಸುತ್ತಿಗೆ ಮುಟ್ಟಲೇ ಇಲ್ಲ!

ಫೋರ್ಕಿನ ಎರಡೂ ಕಡೆ ಆಯಿಲ್ ಒಂದೇ ಮಟ್ಟಕ್ಕೆ ಅಳೆದಿರಿ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್ ಬಿಗಿಯುತ್ತದೆ, ಉದ್ದದ್ದು ಬೇಕೇ ಬೇಕು ಅಂದಿರಿ. ಇಷ್ಟೆಲ್ಲ ಯಾರು ನೋಡ್ತಾರೆ, ಅಲ್ವಾ?

ಮುಂದೆ ಎತ್ತರವಾದಷ್ಟೂ ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷದ ಗೆರೆ ನೆಲ ಮುಟ್ಟುವಲ್ಲಿಂದ ಮುಂದಿನ ಟೈರ್ ನೆಲ ಮುಟ್ಟುವ ಜಾಗಕ್ಕಿರುವ ಅಂತರ) ಹೆಚ್ಚುತ್ತದೆ, ನಿಧಾನಕ್ಕೆ ತಿರುಗಿಸುವಾಗ ಹ್ಯಾಂಡಲ್ ಭಾರ ಎಂದು ಮೊದಲೇ ಹೇಳಿದ್ದಿರಿ. ಕಡಲ ಉಪ್ಪು ಗಾಳಿಗೆ ಟ್ಯೂಬಿನಲ್ಲಿ ತುಕ್ಕಿನ ಚುಕ್ಕೆ ಬಿದ್ದರೆ ಆಯಿಲ್ ತಡೆಯುವ ಸೀಲ್ ಹರಿದುಹೋಗುತ್ತದೆ ಅಂತಲೂ ಎಚ್ಚರಿಸಿದಿರಿ. ದಿನಾ ಒರೆಸುತ್ತಿದ್ದೇನೆ.

ಆರ್‌ಟಿಒ ಒಪ್ಪಿಗೆ ಸಿಗುವವರೆಗೆ ರಸ್ತೆಗಿಳಿಸಬೇಡ ಅಂದಿರಲ್ಲ, ಇಳಿಸಿಲ್ಲ. ಕಾಗದ ಬಂದ ದಿನ ಮೊದಲ ರೌಂಡ್ ನಿಮ್ಮದೇ ಅಣ್ಣಾ.