ಮುಖ ಚೌಕವಾಯಿತು ಎನ್ನುವ ಮಗಳಿಗೆ

ಉಡುಪಿ

ಪ್ರೀತಿಯ ಅನುಷಾ,

ದೊಡ್ಡಮ್ಮನ ಆಶೀರ್ವಾದ. ನೀನು ಕಳಿಸಿದ ಫೋಟೋ ನೋಡಿದೆ. ಮುಖ ಚೌಕ ಆಗಿದೆ, ದಪ್ಪ ಆದೆ ಅಂತ ರಾತ್ರಿ ಊಟ ಬಿಟ್ಟಿದ್ದೀಯಂತೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯಂತೆ, ಹಗಲೂ ಹಲ್ಲು ಬಿಗಿಹಿಡಿದೇ ಕೂರುತ್ತೀಯಂತೆ. ಸುಮ್ನೆ ಹೊಟ್ಟೆ ಒಣಗಿಸಬೇಡ. ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಬೆರಳಿಟ್ಟು ಹಲ್ಲು ಕಚ್ಚಿ ನೋಡು. ಗಟ್ಟಿಯಾಗಿ ಎದ್ದು ಬರುತ್ತದೆ ಅಲ್ವಾ? ಅದು ಕೊಬ್ಬಲ್ಲ, ಜಗಿಯುವ ಸ್ನಾಯು. ಡಾಕ್ಟರು ಮ್ಯಾಸೆಟರ್ ಅನ್ನುತ್ತಾರೆ. ಕಚ್ಚಿ ಹಿಡಿದಷ್ಟೂ ಅದು ಬೆಳೆಯುತ್ತದೆ, ಜಿಮ್ಮಿಗೆ ಹೋಗುವವರ ತೋಳಿನ ಹಾಗೆ. ಒಂದೇ ಕಡೆ ಜಗಿಯುವವರಿಗೆ ಒಂದು ಕೆನ್ನೆ ಮಾತ್ರ ತುಂಬಿಕೊಳ್ಳುವುದೂ ಉಂಟು.

ಹೊಟ್ಟೆಹುಳ ಇರಬೇಕು, ಮಾತ್ರೆ ನುಂಗಲಿ ಅಂತ ನಿನ್ನ ಅಮ್ಮ ಹೇಳಿದಳು. ನನಗೆ ನಗು ಬಂತು. ನಮ್ಮ ಕಡೆ ಯಾರು ಹಲ್ಲು ಕಡಿದರೂ ಪಾಪದ ಹುಳದ ಮೇಲೇ ದೂರು! ನಿನ್ನ ಆಡಿಟ್ ಕೆಲಸ, ನಿದ್ದೆಗೆಡುವುದು, ಲೋಟದ ಮೇಲೆ ಲೋಟ ಕಾಫಿ, ಇವನ್ನು ಮೊದಲು ನೋಡಬೇಕು.

ಹಗಲಿನ ಬಿಗಿ ನಿನ್ನ ಕೈಯಲ್ಲೇ ಇದೆ. ಲ್ಯಾಪ್‌ಟಾಪಿನ ಅಂಚಿಗೆ ಒಂದು ಬಣ್ಣದ ಚೀಟಿ ಅಂಟಿಸು. ಕಣ್ಣಿಗೆ ಬಿದ್ದಾಗಲೆಲ್ಲ ಭುಜ ಇಳಿಸು. ತುಟಿ ಮುಚ್ಚಿರಲಿ, ಮೇಲಿನ ಹಲ್ಲು ಕೆಳಗಿನದಕ್ಕೆ ತಾಗದಿರಲಿ, ನಾಲಗೆಯ ತುದಿ ಮುಂದಿನ ಹಲ್ಲಿನ ಹಿಂದೆ ಅಂಗುಳಕ್ಕೆ ಹಗುರಾಗಿ ಒರಗಿರಲಿ. ಅಗಿಯುವಾಗ, ನುಂಗುವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗಬೇಕಾದ್ದೇ ಇಲ್ಲ. ಸಂಜೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಇಟ್ಟು ಕೆನ್ನೆ ಮೆಲ್ಲಗೆ ತಿಕ್ಕು. ನೋವಿರುವಷ್ಟು ದಿನ ಚಕ್ಕುಲಿ ಬೇಡ, ಕೋರಿ ರೊಟ್ಟಿಯನ್ನು ಸಾರಲ್ಲಿ ಚೆನ್ನಾಗಿ ನೆನೆಸಿಕೊಂಡು ತಿನ್ನು. ನಿನ್ನ ತಮ್ಮ ದವಡೆ ಚೂಪಾಗಲಿ ಅಂತ ಚ್ಯೂಯಿಂಗ್ ಗಮ್ ಜಗಿಯುತ್ತಾನಂತೆ. ಅವನಿಗೂ ಹೇಳು, ಅಗಲ ಆಗುವುದೇ ಜಾಸ್ತಿ.

ರಾತ್ರಿ ಹಲ್ಲು ಕಡಿಯುವುದಕ್ಕೆ ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಬೇಕಾಗಬಹುದು. ಮಂಗಳೂರಲ್ಲೂ ಮಣಿಪಾಲದಲ್ಲೂ ದಂತ ಕಾಲೇಜುಗಳಿವೆ, ಅಳತೆ ಕೊಟ್ಟು ಮಾಡಿಸು. ಅದು ಹಲ್ಲು ಸವೆಯದ ಹಾಗೆ ಕಾಯುತ್ತದೆ, ಕಚ್ಚುವ ಅಭ್ಯಾಸ ಬಿಡಿಸುವುದಿಲ್ಲ. ಗೊರಕೆ ಜೋರಿದ್ದರೆ ಅದನ್ನೂ ಡಾಕ್ಟರಿಗೆ ಹೇಳು. ನಿದ್ದೆಯಲ್ಲಿ ಉಸಿರು ಕಟ್ಟುವವರಲ್ಲೂ ಹಲ್ಲು ಕಡಿಯುವುದು ಕಾಣುತ್ತದೆ.

ಕೆನ್ನೆಯ ಸ್ನಾಯುವಿಗೆ ಚುಚ್ಚುವ ಬೋಟಾಕ್ಸ್ ಮದ್ದಿನ ವಿಷಯ ನೀನು ಕೇಳಿದ್ದೆಯಲ್ಲ. ಸುಳ್ಳು ಚಿಕಿತ್ಸೆ ಅಲ್ಲ ಅದು. ಸ್ನಾಯುವಿನ ಶಕ್ತಿ ಕುಗ್ಗಿಸುತ್ತದೆ, ದುಡಿಮೆ ಇಲ್ಲದೆ ಸ್ನಾಯು ತೆಳ್ಳಗಾಗುತ್ತದೆ. ಆದರೆ ಮುಖದಲ್ಲಿ ಕಾಣಲು 1–2 ತಿಂಗಳು ಬೇಕು, ನಿನ್ನ ನಿಶ್ಚಿತಾರ್ಥ ಇರುವುದು ಬರುವ ತಿಂಗಳು. ಸಾಮಾನ್ಯವಾಗಿ 4–6 ತಿಂಗಳಲ್ಲಿ ಅದರ ಗುಣ ಇಳಿದು ಮತ್ತೆ ಚುಚ್ಚಿಸಬೇಕು. ಜಾಗ ತಪ್ಪಿದರೆ ಸ್ವಲ್ಪ ದಿನ ನಗು ಸೊಟ್ಟ. ಪಾರ್ಲರಿನಲ್ಲಂತೂ ಬೇಡವೇ ಬೇಡ. ಹಗಲಿನ ಅಭ್ಯಾಸ ಒಂದೆರಡು ತಿಂಗಳು ಮಾಡಿ ನೋಡು, ಆಮೇಲೂ ಬೇಕನಿಸಿದರೆ ತಿಳಿದ ಡಾಕ್ಟರ ಹತ್ತಿರ ಹೋಗೋಣ.

ಒಂದೇ ಕಡೆ ಬಾವು ಬಂದರೆ, ದವಡೆ ಸಿಕ್ಕಿಕೊಂಡು ಬಾಯಿ ತೆರೆಯಲು ಆಗದಿದ್ದರೆ ಮಾತ್ರ ಕಾಯಬೇಡ. ಅದು ಬೇರೆ ತೊಂದರೆ ಇರಬಹುದು, ಅವತ್ತೇ ತೋರಿಸು. ಮಣಿಪಾಲಕ್ಕೆ ಬರುವುದಾದರೆ ಹಿಂದಿನ ದಿನ ಫೋನ್ ಮಾಡು, ನಾನೂ ಜೊತೆಗೆ ಬರುತ್ತೇನೆ.

ನಿನ್ನ ದೊಡ್ಡಮ್ಮ