ಗೆಳೆಯನಿಗೊಂದು ಪತ್ರ: ‘ಆತನು’ ‘ನೀನು’ ಆಗುವ ಜಾಗ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. "ಸಂಡೇ ಸ್ಕೂಲಿನಿಂದ ಬೈಬಲ್ ಓದ್ತಾ ಇದ್ದೇನೆ, ವಚನಗಳು ಬಾಯಿಪಾಠ ಇವೆ, ಆದ್ರೆ ದೇವರು ದೂರದ ನೆಂಟನ ಹಾಗೆ ಅನಿಸ್ತಾನೆ" ಎಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಮುವೇಲನ ಕಥೆ ನೆನಪು ಮಾಡಿಕೋ. ಎಳೆ ವಯಸ್ಸಿನಿಂದ ಶಿಲೋ ಎಂಬ ಊರಿನ ಆಲಯದಲ್ಲೇ ಬೆಳೆದ ಹುಡುಗ. ದೇವರ ಮಂಜೂಷ, ಅಂದರೆ ಪವಿತ್ರ ಪೆಟ್ಟಿಗೆ, ಇದ್ದ ಜಾಗದಲ್ಲೇ ಮಲಗುತ್ತಿದ್ದ. ಆದರೂ ಅವನಿಗೆ ಇನ್ನೂ ದೇವರಾದ ಯೆಹೋವನ ಪರಿಚಯ ಆಗಿರಲಿಲ್ಲ ಎನ್ನುತ್ತದೆ ಒಂದನೇ ಸಮುವೇಲದ 3ನೇ ಅಧ್ಯಾಯ. ದೇವರು ಹೆಸರು ಹಿಡಿದು ಕರೆದರೆ, ಕರೆದದ್ದು ಮುದುಕ ಯಾಜಕ ಏಲಿ ಎಂದುಕೊಂಡು ಮೂರು ಸಲ ಎದ್ದು ಓಡುತ್ತಾನೆ. ಆಲಯದಲ್ಲಿ ಬೆಳೆದವನಿಗೇ ಹೀಗಾಯಿತು. ನೀನು ನಾಚಿಕೆಪಡಬೇಡ.

ಈಗ ನನ್ನ ವಿಷಯ. ಅಪ್ಪ ತೀರಿಕೊಂಡ ಮೇಲೆ ಮನೆ ಹಿಂದಿನ 18 ಸೆಂಟ್ಸ್ ಜಾಗಕ್ಕಾಗಿ ಅಣ್ಣನಿಗೂ ನನಗೂ ಮಾತು ಬಿಟ್ಟುಹೋದದ್ದು ನಿನಗೆ ಗೊತ್ತು. ಎರಡು ವರ್ಷ! ಆಗಲೂ ನಾನು ದಿನಾ ಓದುತ್ತಿದ್ದೆ. ಮೂರು ಅಧ್ಯಾಯ ಓದುವುದು, ಪಟ್ಟಿಯಲ್ಲಿ ಟಿಕ್ ಹಾಕುವುದು, ಮುಚ್ಚಿಡುವುದು. ಪ್ರಾರ್ಥನೆ ಒಂದೇ: ದೇವರೇ, ಅಣ್ಣನಿಗೆ ಬುದ್ಧಿ ಕೊಡು.

ಒಂದು ರಾತ್ರಿ ಲೂಕನ ಸುವಾರ್ತೆಯ 12ನೇ ಅಧ್ಯಾಯಕ್ಕೆ ಬಂದೆ. ಗುಂಪಿನಲ್ಲಿದ್ದ ಒಬ್ಬ ಯೇಸುವಿನ ಹತ್ತಿರ ಕೇಳುತ್ತಾನೆ, ಆಸ್ತಿಯಲ್ಲಿ ನನಗೆ ಪಾಲು ಕೊಡುವ ಹಾಗೆ ನನ್ನ ಅಣ್ಣನಿಗೆ ಹೇಳು ಅಂತ. ಅದನ್ನು ಮೊದಲು ಎಷ್ಟು ಸಲ ಓದಿದ್ದೆನೋ. ಅವತ್ತು ಮಾತ್ರ ಅದು ನನ್ನದೇ ಪ್ರಾರ್ಥನೆ ಎಂದು ಗೊತ್ತಾಯಿತು. ನಿಮಗೆ ಆಸ್ತಿ ಪಾಲು ಮಾಡಿಕೊಡಲು ನನ್ನನ್ನು ನೇಮಿಸಿದವರು ಯಾರು ಎಂದು ಕೇಳುತ್ತಾನೆ ಯೇಸು. ಆಮೇಲೆ ಎಲ್ಲರಿಗೂ ಹೇಳುತ್ತಾನೆ, ದುರಾಸೆಗೆ ಎಡೆಕೊಡಬೇಡಿ, ಎಚ್ಚರವಾಗಿರಿ ಎಂದು.

ನನಗೆ ಸಿಟ್ಟು ಬಂತು. ನ್ಯಾಯ ನನ್ನ ಕಡೆಗಿತ್ತು, ಈಗಲೂ ಹಾಗೇ ಅಂದುಕೊಂಡಿದ್ದೇನೆ. ಪುಸ್ತಕ ಮುಚ್ಚಿಟ್ಟು ನಾಲ್ಕು ದಿನ ಮುಟ್ಟಲಿಲ್ಲ. ಆದರೆ ಆ ಮುನಿಸಿನಲ್ಲೇ ಒಂದು ಹೊಳೆಯಿತು. ಕಾಗದದ ಮೇಲೆ ಯಾರಾದರೂ ಮುನಿಸಿಕೊಳ್ಳುತ್ತಾರಾ? ಯಾರೋ ನನಗೆ ಎದುರು ಮಾತಾಡಿದ್ದರು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ದೇವರು ನನ್ನ ಎಲ್ಲ ಮಾತಿಗೂ ಹೂಂ ಎನ್ನುತ್ತಿದ್ದ. ಇಲ್ಲಿ ಎದುರು ಮಾತಾಡಿದಾತ ಹೂಂ ಎನ್ನಲಿಲ್ಲ.

ಐದನೇ ದಿನ ಯೇಸು ಮುಂದೆ ಹೇಳುವ ಸಾಮ್ಯ, ಅಂದರೆ ನೀತಿಕಥೆ, ಓದಿದೆ. ಹೊಲ ಚೆನ್ನಾಗಿ ಬೆಳೆದ ಶ್ರೀಮಂತನದು. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಮಾತಾಡುವುದೆಲ್ಲ ತನ್ನ ಜೊತೆಗೇ, ಲೋಕದಲ್ಲಿ ಬೇರೆ ಯಾರೂ ಇಲ್ಲದ ಹಾಗೆ. ಎರಡು ವರ್ಷ ನನ್ನ ಪ್ರಾರ್ಥನೆಯೂ ಹಾಗೇ ಇತ್ತು, ಗೆಳೆಯಾ. ಅವತ್ತು ರಾತ್ರಿ ಮೊದಲ ಸಲ ಅಣ್ಣನ ಬಗ್ಗೆ ಬಿಟ್ಟು ನನ್ನ ಬಗ್ಗೆ ಹೇಳಿಕೊಂಡೆ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಿದ್ದು ಮಾತಾಡಿದ್ದು ಅದೇ ಮೊದಲು. ಜಾಗದ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಅಣ್ಣನ ಮನೆಗೆ ಹೋಗಿಬಂದೆ. ಅತ್ತಿಗೆ ಚಹಾ ಕೊಟ್ಟರು.

23ನೇ ಕೀರ್ತನೆ ನಿನಗೆ ಬಾಯಿಪಾಠ ಅಲ್ವಾ? ನಿಧಾನವಾಗಿ ಹೇಳಿ ನೋಡು. ಶುರುವಿನಲ್ಲಿ ದಾವೀದ ದೇವರ ಬಗ್ಗೆ ಹೇಳುತ್ತಾನೆ. ಆತ ಕುರುಬ, ಆತ ಹಸಿರುಗಾವಲಿನಲ್ಲಿ ತಂಗಿಸುತ್ತಾನೆ, ಆತ ದಾರಿ ನಡೆಸುತ್ತಾನೆ. 4ನೇ ವಚನಕ್ಕೆ ಕತ್ತಲ ಕಣಿವೆ ಬರುತ್ತದೆ. ಅಲ್ಲಿಂದ ‘ಆತ’ ಹೋಗಿ ‘ನೀನು’ ಆಗುತ್ತದೆ. ನೀನು ಹತ್ತಿರ ಇದ್ದೀಯಲ್ಲ ಎನ್ನುತ್ತಾನೆ. ನಾವು ಚರ್ಚಿನ ಅಯ್ಯನವರಿಗೆ ನೀವು ಎನ್ನುತ್ತೇವೆ, ಆಫೀಸಿನಲ್ಲಿ ಕಿರಿಯರಿಗೂ ನೀವು. ದೇವರಿಗೆ ಮಾತ್ರ, ಅಮ್ಮನಿಗೆ ಹೇಳುವ ಹಾಗೆ, ನೀನು. ಇಂಗ್ಲಿಷ್ ಆ್ಯಪಿನಲ್ಲಿ ಓದುವಾಗ ಈ ಸಲಿಗೆ ಕಾಣಿಸುವುದಿಲ್ಲ. ಕನ್ನಡದಲ್ಲೇ ಓದು. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಇಡೀ ಬೈಬಲನ್ನು, ನಮ್ಮ ಸತ್ಯವೇದವನ್ನು, ಕನ್ನಡಕ್ಕೆ ತರಲು ಸುಮಾರು 20 ವರ್ಷ ದುಡಿದರು. ಅಮ್ಮನ ಹಳೆಯ ಸತ್ಯವೇದ ನಿನ್ನ ಹತ್ತಿರವೇ ಇದೆಯಲ್ಲ, ಅದನ್ನು ತೆಗೆ.

ಜಾಸ್ತಿ ಓದಬೇಡ. ನಾಲ್ಕೈದು ವಚನ ಸಾಕು, ಗಟ್ಟಿಯಾಗಿ ಓದು. ಎಲ್ಲಿ ಚುಚ್ಚುತ್ತದೋ ಅಲ್ಲಿ ನಿಂತುಬಿಡು, ಅರ್ಥ ಆಗದಿದ್ದರೆ ಆತನನ್ನೇ ಕೇಳು. ಯೋಹಾನ 5ರಲ್ಲಿ ಯೇಸು ಶಾಸ್ತ್ರ ಬಲ್ಲವರಿಗೆ ಹೇಳುತ್ತಾನೆ: ಬರಹಗಳನ್ನು ಅಷ್ಟು ಹುಡುಕುತ್ತೀರಿ, ಅವು ಹೇಳುವುದು ನನ್ನ ಬಗ್ಗೆಯೇ, ಆದರೂ ನನ್ನ ಹತ್ತಿರ ಬರಲು ನಿಮಗೆ ಮನಸ್ಸಿಲ್ಲ. ಅದನ್ನು ಓದಿದಾಗಲೆಲ್ಲ ನನ್ನ ಆ ಟಿಕ್ ಹಾಕಿದ ಪಟ್ಟಿ ಕಣ್ಣ ಮುಂದೆ ಬರುತ್ತದೆ.

ಏನೂ ಕೇಳಿಸದ ದಿನಗಳೂ ಬರುತ್ತವೆ. ನನಗೆ ಈಗಲೂ ಬರುತ್ತವೆ. ಆಗ 88ನೇ ಕೀರ್ತನೆ ಓದು. ಅದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಮಾತು ಕೊನೆಯಲ್ಲೂ ಇಲ್ಲ. ಆದರೆ ಅಷ್ಟು ದುಃಖವನ್ನೂ ಅದನ್ನು ಬರೆದವನು ದೇವರಿಗೇ ಹೇಳಿಕೊಳ್ಳುತ್ತಾನೆ, ಮುಖಕ್ಕೆ ಮುಖ ಕೊಟ್ಟು. ಅಂಥದ್ದಕ್ಕೂ ಸತ್ಯವೇದದಲ್ಲಿ ಜಾಗ ಇದೆ, ನೋಡು.

ಈ ವಾರ ಲೂಕ 24ರ 13ನೇ ವಚನದಿಂದ ಶುರು ಮಾಡು, ಎಮ್ಮಾಹುವಿನ ದಾರಿ. ಯೇಸು ಪಕ್ಕದಲ್ಲೇ ನಡೆದು ಬರುತ್ತಿದ್ದರೂ ಆ ಊರಿಗೆ ಹೊರಟ ಇಬ್ಬರು ಶಿಷ್ಯರಿಗೆ ಗುರುತು ಸಿಗುವುದಿಲ್ಲ. ನಾನೂ ಅದನ್ನೇ ಓದುತ್ತೇನೆ. ಭಾನುವಾರ ಆರಾಧನೆ ಮುಗಿಸಿ ನೀನು ಮನೆ ಸೇರಿದ ಮೇಲೆ ಫೋನ್ ಮಾಡುತ್ತೇನೆ. ಎಲ್ಲಿ ನಿಂತೆ ಎಂದಷ್ಟೇ ಹೇಳು.

ನಿನ್ನ ಗೆಳೆಯ